ಅಪ್ಪನ ಹಳೇ ಲೆನ್ಸ್

ಎದೆಯ ಆಪರೇಷನ್ ಆದ ಮೇಲೆ ಗಂಡ ಅವಳ ಮುಖವನ್ನು ನೇರವಾಗಿ ನೋಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದ, ಗಂಜಿ ಬಿಸಿ ಮಾಡುತ್ತಿದ್ದ, ಮಾತಾಡುವಾಗ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದ. ಮೂರು ತಿಂಗಳಲ್ಲಿ ಅವಳಿಗೂ ಅದು ಅಭ್ಯಾಸವಾಗಿತ್ತು.

ಆ ಭಾನುವಾರ ಬೆಳಿಗ್ಗೆ ಅವನೇ ಕರೆದ.

"ವತ್ಸಲಾ, ಬಾ, ಕಿಟಕಿ ಹತ್ರ ಕೂತ್ಕೋ. ಹೊಸ ಕ್ಯಾಮೆರಾಗೆ ಅಪ್ಪನ ಹಳೇ ಲೆನ್ಸ್ ಹಾಕಿದೀನಿ."

ಅವಳು ಕೂದಲುದುರಿದ ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಮುಟ್ಟಿ ನೋಡಿಕೊಂಡಳು. "ಹಿಂಗೇನಾ? ಸೀರೆನಾದ್ರೂ ಬದಲಾಯಿಸ್ಲಾ?"

"ಬೇಡ ಬೇಡ, ಬೆಳಕು ಹೋಗ್ಬಿಡತ್ತೆ."

ಕೂತಳು. ಅವನು ಟೀಪಾಯಿಯ ಆಚೆ ಕೂತು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸತೊಡಗಿದ.

"ಎಷ್ಟೊತ್ತು ರೀ? ಫೋನಲ್ಲಾದ್ರೆ ಟಕ್ ಅಂತ ಬರತ್ತೆ."

"ಅದು ತಾನೇ ಫೋಕಸ್ ಮಾಡ್ಕೊಳ್ಳತ್ತೆ ಕಣೇ. ಇದ್ರಲ್ಲಿ ನನ್ನ ಕಣ್ಣೇ ಹುಡುಕ್ಬೇಕು. ಅಲ್ಲಾಡ್ಬೇಡ."

ಅವಳು ಅಲ್ಲಾಡಲಿಲ್ಲ. ಹತ್ತು ನಿಮಿಷ ಅವನು ಅವಳ ಕಡೆಗೇ ಮುಖ ಮಾಡಿಕೊಂಡಿದ್ದ. ಹೊಲಿಗೆ ಹಾಕಿದ ಜಾಗ ಜುಮ್ಮೆನ್ನುತ್ತಿದ್ದುದು ಬಿಟ್ಟರೆ ಅವಳಿಗೆ ಏನೂ ಅನ್ನಿಸಲಿಲ್ಲ. ಆದರೂ ಬೆನ್ನು ತಾನಾಗಿ ನೆಟ್ಟಗಾಯಿತು.

"ಸಿಕ್ತು!" ಎಂದು ಕ್ಲಿಕ್ಕಿಸಿ, ಎದ್ದು ಬಂದು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟ. ಮೂರು ತಿಂಗಳಲ್ಲಿ ಅವನು ಇಷ್ಟು ಖುಷಿಯಾಗಿದ್ದುದನ್ನು ಅವಳು ನೋಡಿರಲಿಲ್ಲ.

ಪರದೆಯಲ್ಲಿ, ಇಬ್ಬರ ನಡುವಿನ ಟೀಪಾಯಿ ಮೇಲಿದ್ದ ಕಳ್ಳಿಗಿಡದ ಒಂದೊಂದು ಮುಳ್ಳನ್ನೂ ಎಣಿಸಬಹುದಿತ್ತು.

"ಹಿಂದೆ ಇರೋದು ನೀನು ಅಂತ ಗೊತ್ತೇ ಆಗಲ್ಲ ನೋಡು! ಮಸುಕು ಅಂದ್ರೆ ಹಿಂಗಿರ್ಬೇಕು."