ಸೂರತ್‌ಗೆ ಹೋದ ಹಪ್ಪಳ

ಬಾಗಿಲಲ್ಲಿ ನಿಂತವನ ಕೈಯಲ್ಲಿ ಪ್ಲಾಸ್ಟಿಕ್ ಫೈಲ್ ಇತ್ತು. ಅದರ ಮೇಲೆ ರತ್ನಾವತಿಯದೇ ಕೈಬರಹದ ಹಳೆಯ ಕೊರಿಯರ್ ಕವರು. ಹಪ್ಪಳ ತುಂಬಿಕೊಂಡು ಡೊಂಬಿವಲಿಯ ಈ ಮನೆಯಿಂದ ಪಕ್ಕದ ರಾಜ್ಯದ ಸೂರತ್‌ಗೆ ಹೋದದ್ದು ಈಗ ಖಾಲಿಯಾಗಿ ಮನೆಬಾಗಿಲಿಗೇ ಬಂದಿತ್ತು.

"ನಾನು ಶಿವರಾಯ, ಐರೋಲಿಯಿಂದ ಬಂದದ್ದು. ಸ್ವಲ್ಪ ವಿಚಾರಿಸ್ಲಿಕ್ಕಿತ್ತು."

ಅಪ್ಪಟ ಊರ ಕಡೆಯ ಕನ್ನಡ. ತೆರಿಗೆ ಇಲಾಖೆಯವರು ಭಾಷೆ ಬಲ್ಲವನನ್ನೇ ಹುಡುಕಿ ಕಳಿಸಿದ್ದಾರೆ, ಭಾರೀ ಕಿಲಾಡಿಗಳು.

ಜಿಎಸ್‌ಟಿ ಬಂದು ತಿಂಗಳಾಗಿತ್ತಷ್ಟೆ. ಮೂರನೇ ಮಹಡಿಯ ಮುಕ್ತಾ ವಾಟ್ಸಾಪಿನಲ್ಲಿ ಓದಿ ಹೇಳಿದ್ದಳು: ರಾಜ್ಯದೊಳಗೆ ಮಾರಿಕೊಂಡರೆ ಚಿಂತೆಯಿಲ್ಲ, ಗಡಿ ದಾಟಿಸಿ ಒಂದು ಪ್ಯಾಕೆಟ್ ಮಾರಿದರೂ ನೋಂದಣಿ ನಂಬರು ಬೇಕು, ಇಲ್ಲದಿದ್ದರೆ ದಂಡ. ಮಗಳು ದಿಶಾಳ ಮದುವೆ ಈ ಹಪ್ಪಳದ ದುಡ್ಡಿನಲ್ಲೇ ಆಗಬೇಕು. ದಂಡ ಕಟ್ಟಿದರೆ ಮದುವೆಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ರತ್ನಾವತಿಯೇನು ಕಡಿಮೆಯವಳೇ? ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅವನನ್ನು ಒಳಗೆ ಕರೆದು ಕೂರಿಸಿದಳು.

"ಹಪ್ಪಳ ನೀವೇ ಕಳಿಸೂದಾ?"

"ಮಾರೂದಿಲ್ಲ ಮಾರಾಯ್ರೆ. ಸಂಬಂಧಿಕರಿಗೆ ಪ್ರೀತಿಗೆ ಕಳಿಸೂದು."

"ಮಗಳೂ ಸೇರಿ ಮಾಡ್ತಾರಂತೆ?"

ಮಗಳನ್ನೂ ಕೇಸಿಗೆ ಎಳೆಯುವ ಉಪಾಯ! "ಅವಳಾ? ಲಟ್ಟಣಿಗೆ ಹಿಡಿಯಲಿಕ್ಕೇ ಬರೂದಿಲ್ಲ. ಅಡುಗೆಮನೆಗೆ ತಲೆ ಹಾಕೂದಿಲ್ಲ."

ಒಳಗೆ ಲಟ್ಟಿಸುವ ಸದ್ದು ತಟ್ಟನೆ ನಿಂತಿತು.

ಶಿವರಾಯ ಗದ್ದ ತುರಿಸಿಕೊಂಡ. "ಸೂರತ್‌ನ ಮೋಹಿನಿ ಅಂತ. ಅವರೂ ಸಂಬಂಧಿಕರಾ?"

"ಬರೀ ಸಂಬಂಧವಾ? ನಮ್ಮದು ಒಂದೇ ಬಳಿ."

ಗೋತ್ರದ ಹಾಗೆ, ಆದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಬಳಿ ಒಂದೇ ಆದರೆ ರಕ್ತವೂ ಒಂದೇ. ಇದಕ್ಕಿಂತ ಗಟ್ಟಿ ಸಂಬಂಧ ಯಾವ ಕಾನೂನಿಗೆ ಬೇಕು? ಹಪ್ಪಳ ಕೊಳ್ಳುವ ಈ ಮೋಹಿನಿಯ ಮುಖವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ, ಅದು ಬೇರೆ ಮಾತು.

ಶಿವರಾಯನ ಮುಖ ಸಪ್ಪಗಾಯಿತು. "ಸರಿಯಾಗಿ ಗೊತ್ತುಂಟಾ ನಿಮಗೆ?"

"ಕಟೀಲಮ್ಮನ ಆಣೆ."

ಅವನು ಫೈಲನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. ಸೋತ! ರತ್ನಾವತಿಗೆ ಕುಣಿಯುವಷ್ಟು ಸಂತೋಷವಾಯಿತು. ಒಳಗೆ ಕೂಗಿ ಚಹಾ ಹೇಳಿದಳು.

ದಿಶಾ ಹಿಟ್ಟು ಮೆತ್ತಿದ ಕೈಯಲ್ಲೇ ಚಹಾ ಮತ್ತು ಕರಿದ ಹಪ್ಪಳ ತಂದಿಟ್ಟು, ತಾಯಿಯನ್ನು ದುರುಗುಟ್ಟಿ ನೋಡಿ ಹೋದಳು. ಶಿವರಾಯ ಅವಳು ಹೋದ ಕಡೆಗೇ ನೋಡುತ್ತ ಹಪ್ಪಳ ಮುರಿದ. "ಚೆಂದ ಆಗಿದೆ," ಎಂದ ಬೇಸರದಿಂದ.

"ಹಾಗಾದ್ರೆ ಜಿಎಸ್‌ಟಿ ಕೇಸು ಇಲ್ಲ ಅಲ್ವಾ?"

"ಯಾವ ಕೇಸು? ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲವಲ್ಲ ಅಕ್ಕ."

ರತ್ನಾವತಿ ಕಣ್ಣು ಪಿಳಿಪಿಳಿ ಬಿಟ್ಟಳು. "ಮತ್ತೆ ನೀವು ಬಂದದ್ದು?"

ಶಿವರಾಯ ಫೈಲಿನಿಂದ ಒಬ್ಬ ಹುಡುಗನ ಫೋಟೋ ತೆಗೆದು ತೋರಿಸಿ, ಮತ್ತೆ ಒಳಗಿಟ್ಟ. "ಮೋಹಿನಿ ನನ್ನ ಸ್ವಂತ ಅಕ್ಕ. ಅವಳ ಮಗ ಕೀರ್ತನ್‌ಗೆ ನಿಮ್ಮ ದಿಶಾಳನ್ನು ಕೇಳುವಾ ಅಂತ ಬಂದದ್ದು. ಲಟ್ಟಣಿಗೆ ಹಿಡಿಯಲಿಕ್ಕೆ ಬಾರದಿದ್ದರೂ ಅಡ್ಡಿ ಇರಲಿಲ್ಲ. ಆದರೆ ಒಂದೇ ಬಳಿ ಅಂದ ಮೇಲೆ ಮಕ್ಕಳು ಅಣ್ಣ-ತಂಗಿ ಆದ್ರಲ್ಲ, ಅದೂ ಕಟೀಲಮ್ಮನ ಆಣೆಯಾಗಿ."