ಶ್ರೀರಾಂಪುರದಲ್ಲಿ ಸಿಗದ ಮೋಟು

ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಹಜರತ್ ಅಲಿ ಬಗ್ಗಿ ಬಗ್ಗಿ ನೆಲ ನೋಡುತ್ತಿದ್ದರು. ಬೀಡಿ ಮೋಟುಗಳು ಬೇಕಾದಷ್ಟು ಬಿದ್ದಿದ್ದವು, ಸಿಗರೇಟಿನ ತುದಿಗಳೂ ಇದ್ದವು. ತಮ್ಮ ದೊಡ್ಡ ಸಿಗಾರಿನ ಒಂದೇ ಒಂದು ಮೋಟು ಕಾಣಲಿಲ್ಲ. ಸೊಂಟ ಹಿಡಿದುಕೊಂಡು ಮೇಲೆದ್ದರು. ಹಿರಿಯೂರಿನಲ್ಲೂ ಇದೇ ಕಥೆ, ಹೊಳಲ್ಕೆರೆಯಲ್ಲೂ ಇದೇ. ಅಂಗಡಿಯಲ್ಲಿ ದೊಡ್ಡವು ಖಾಲಿ, ನೆಲದ ಮೇಲೆ ಮೋಟಿಲ್ಲ. ಈ ವಯಸ್ಸಿನಲ್ಲಿ ಇಂಥ ತಿರುಗಾಟ ಯಾರಿಗೆ ಬೇಕಿತ್ತು ಹೇಳಿ.

ಚಿತ್ರದುರ್ಗದಲ್ಲಿ ಅವರದು ಅಜ್ಜನ ಕಾಲದ ಬೀಡಿ ಕಾರ್ಖಾನೆ. ಗಿರಾಕಿ ಕರಗುತ್ತ ಬಂದಾಗ ಮಗ ಜುಬೇರ್ ಸಿಗಾರ್ ಮಾಡೋಣವೆಂದು ಹಟ ಹಿಡಿದ. ಮೂರು ಅಳತೆಯ ಮಾದರಿ ಸುತ್ತಿಸಿದರು. ಗೇಣುದ್ದದ ದಪ್ಪನೆಯದು, ನಡುವಿನದು, ಬೆರಳುದ್ದದ ಸಣ್ಣದು. ಆದರೆ ಇರುವ ಒಳ್ಳೆಯ ತಂಬಾಕಿನ ಎಲೆ ಒಂದೇ ಅಳತೆಗೆ ಸಾಕು, ಒಂದಕ್ಕೆ ಕೊರೆದದ್ದು ಇನ್ನೊಂದಕ್ಕೆ ಬಾರದು. ಬೆಳಿಗ್ಗೆಯೇ ಎಲೆಗೆ ನೀರು ಚಿಮುಕಿಸಿಯಾಗಿತ್ತು. ಸಂಜೆಯೊಳಗೆ ಕೊರೆಯದಿದ್ದರೆ ಬೂಸ್ಟು ಹಿಡಿಯುತ್ತದೆ. ಹೆಂಡತಿ ಪ್ಯಾರಿ ಬೀ, ಬೀದಿಯ ಹೆಂಗಸರೆಲ್ಲ ಕತ್ತರಿ ಹಿಡಿದು ಇವರ ಫೋನಿಗೆ ಕಾಯುತ್ತಿದ್ದರು. ಅಳತೆ ತಪ್ಪಿದರೆ ಕಾರ್ಖಾನೆಗೆ ಬೀಗ, ಅಷ್ಟೂ ಕೈಗಳಿಗೆ ಕೆಲಸವಿಲ್ಲ.

"ದೊಡ್ಡದೇ ಓಡ್ತತೆ ಅಬ್ಬಾ, ನೋಡ್ತಿರ್ರಿ" ಎಂದಿದ್ದ ಜುಬೇರ್. ಹೋದ ವಾರ ಮಾದರಿಗಳನ್ನು ಅಂಗಡಿಗಳಿಗೆ ಹಂಚಿ ಬಂದವನೂ ಅವನೇ. ಅಲಿಯವರ ಮನಸ್ಸು ಮಾತ್ರ ಸಣ್ಣದರ ಮೇಲಿತ್ತು. ಬೀಡಿ ಸೇದುವ ಬಾಯಿಗೆ ಗೇಣುದ್ದದ ಸಿಗಾರು ಯಾಕೆ?

ಹಳ್ಳಿ ತಿರುಗುವುದು ತೀರಿಹೋದ ಅಣ್ಣನ ಕೆಲಸವಾಗಿತ್ತು. ಇವರು ಜನ್ಮವಿಡೀ ಗೋದಾಮು ಬಿಟ್ಟು ಕದಲಿದವರಲ್ಲ. ಅಣ್ಣನಿಂದ ಕಲಿತದ್ದು ಒಂದೇ ಪಾಠ. ಅಂಗಡಿಯವರನ್ನು ಕೇಳುವ ಮುಂಚೆ ನೆಲ ನೋಡಬೇಕು. ಅರ್ಧ ಸೇದಿ ಎಸೆದಿದ್ದರೆ ಮಾಲು ಬಿತ್ತು, ತುಟಿ ಸುಡುವವರೆಗೆ ಸೇದಿದ್ದರೆ ಮಾಲು ಗೆದ್ದಿತು. ಮೋಟೇ ಇಲ್ಲದಿದ್ದರೆ ಏನು ಅರ್ಥ ಅಂತ ಅಣ್ಣ ಹೇಳಿರಲಿಲ್ಲ.

"ಅಮಾಸೆ ದಿನ ಹಳ್ಳಿ ಕಡೆ ಯಾಕೆ ಹೋಗ್ತೀರಿ?" ಎಂದು ಪ್ಯಾರಿ ಬೀ ಬೆಳಿಗ್ಗೆ ಗೊಣಗಿದ್ದಳು. ನೀರು ಬಿದ್ದ ಎಲೆ ಅಮಾವಾಸ್ಯೆ ಹುಣ್ಣಿಮೆ ನೋಡುತ್ತದೆಯೇ? ಸಿಕ್ಕ ಬಸ್ಸು ಹತ್ತಿದ್ದರು.

ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯ ಚಂದ್ರಕ್ಕ ಡಬ್ಬಿ ತೆಗೆದು ತೋರಿಸಿದಳು. ಸಣ್ಣವು, ನಡುವಿನವು ಹಾಕಿಟ್ಟ ಹಾಗೇ ಇದ್ದವು.

"ದೊಡ್ಡವು ಒಂದೂ ಉಳಿದಿಲ್ಲ ಸಾಬ್ರೇ. ನಿನ್ನೆ ಇವತ್ತು ಕಿತ್ಕಂಡು ಹೋದ್ರು."

"ಯಾರು ತಗಂಡ್ರವ್ವ?"

"ಎಲ್ಲಾ ಹೆಣ್ಮಕ್ಳೇ. ಒಬ್ಬೊಬ್ರು ಒಂದೊಂದು. ಕಡ್ಡಿಪೆಟ್ಟಿಗೆ ಬೇಕೇನ್ರೇ ಅಂದ್ರೆ ಬ್ಯಾಡ ಅಂದ್ರು."

ಅಲಿ ಕಲ್ಲು ಬೆಂಚಿನ ಮೇಲೆ ಕುಸಿದು ಕೂತರು. ಮಾರಾಟವಾಗಿದೆ, ಸೇದಿದವರಿಲ್ಲ. ಹೆಂಗಸರು ಕೊಂಡಿದ್ದಾರೆ, ಕಡ್ಡಿಪೆಟ್ಟಿಗೆ ಬೇಡವಂತೆ. ಇದು ಜುಬೇರನದೇ ಆಟ. ತನ್ನ ಮಾತು ಗೆಲ್ಲಲಿ ಅಂತ ಯಾರ್ಯಾರ ಕೈಲೋ ಕೊಳ್ಳಿಸಿ ಎಲ್ಲೋ ಬಚ್ಚಿಟ್ಟಿದ್ದಾನೆ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೆ ಇಂಥ ಅನುಮಾನ ಬಂತಲ್ಲ ಎಂದು ಅವರಿಗೆ ಸಂಕಟವಾಯಿತು. ಬೈಯುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

"ಕೊನೇದು ಯಾರಿಗೆ ಕೊಟ್ಟೆ?"

"ಹಿಂದ್ಲ ಓಣಿ ಓಬವ್ವಂಗೆ. ಈಗ ಸ್ವಲ್ಪ ಹೊತ್ತಾತು."

ಓಬವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಸೊಸೆ, ಮೊಮ್ಮಕ್ಕಳ ಜೊತೆ ಕೂತಿದ್ದಳು. ಎಲ್ಲರೂ ತಲೆಗೆ ಸ್ನಾನ ಮಾಡಿ ಮಡಿಬಟ್ಟೆ ಉಟ್ಟಿದ್ದರು. ಬಾಗಿಲು ಮುಚ್ಚಿತ್ತು.

"ಬರ್ರಿ ಸಾಬ್ರೇ, ಇಲ್ಲೇ ಕುಂತ್ಕಳ್ರಿ. ಈಗ ಒಳಗೆ ಯಾರೂ ಹೋಗಂಗಿಲ್ಲ. ಯಜಮಾನ್ರು ಉಣ್ಣೋ ಹೊತ್ತು."

"ನೀವು ತಂದ ಸಿಗಾರು ನಮ್ಮ ಕಾರ್ಖಾನೇದು ತಾಯಿ. ಯಜಮಾನ್ರಿಗೇ ತಂದಿದ್ದಾ?"

"ಇನ್ಯಾರಿಗೆ? ಬಲು ಆಸೆ ಅವರಿಗೆ. ವರ್ಷಕ್ಕೊಂದ್ಸಲ ಬರೋರು, ಸಣ್ಣದು ಕೊಟ್ರೆ ಏನು ಚೆಂದ?"

ದೂರದ ಊರಲ್ಲಿ ದುಡಿಯುವವನಿರಬೇಕು, ಪಾಪ. ಅಲಿಯವರ ಎದೆಯ ಭಾರ ಒಮ್ಮೆಗೇ ಇಳಿಯಿತು. ಸೇದುವ ಗಂಡಸು ಇದ್ದಾನೆ, ಮನೆಯಲ್ಲೇ ಕೂತು ನೆಮ್ಮದಿಯಾಗಿ ಸೇದುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಮೋಟು ಎಲ್ಲಿಂದ ಸಿಗಬೇಕು? ಜುಬೇರನ ತಪ್ಪು ಏನೂ ಇಲ್ಲ.

"ಉಂಡಾದ ಮೇಲೆ ಒಂದು ಮಾತು ಕೇಳ್ಲಾ? ಸೇದಾಕೆ ಹೆಂಗೈತೆ ಅಂತ."

"ಅವರದು ಮಾತು ಕಡಿಮೆ" ಎಂದಳು ಓಬವ್ವ. "ಅವರು ಉಣ್ಣೋ ತನಕ ನಾವ್ಯಾರೂ ಬಾಯಿಗೆ ನೀರು ಸೈತ ಹಾಕಂಗಿಲ್ಲ."

ಎಂಥ ಗತ್ತಿನ ಗಂಡಸಪ್ಪ! ಬಾಗಿಲ ಸಂದಿಯಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಲೋಬಾನದ ವಾಸನೆ ಅಡ್ಡ ಬಂದು ತಂಬಾಕಿನದು ಸರಿಯಾಗಿ ಹತ್ತಲಿಲ್ಲ. ಬೆಳಿಗ್ಗೆಯಿಂದ ಬಸ್ಸಿನ ಧೂಳು ಕುಡಿದ ಮೂಗು ಅದು, ಅದನ್ನು ಬೈದು ಏನು ಪ್ರಯೋಜನ. ಬಿಸಿಲು ಆಗಲೇ ಇಳಿಯುತ್ತಿತ್ತು. ಇನ್ನು ಕಾಯುವುದು ಬೇಡವೆಂದು ಫೋನ್ ತೆಗೆದರು.

"ಜುಬೇರ್, ನೀನು ಹೇಳಿದ್ದೇ ಸರಿ ಕಣಪ್ಪ. ಅಷ್ಟೂ ಎಲೆ ದೊಡ್ಡದಕ್ಕೇ ಕೊರೆಸು."

"ನಿಜವಾಗ್ಲೂ ಅಬ್ಬಾ?" ಮಗನ ದನಿ ಚಿಕ್ಕ ಮಕ್ಕಳ ದನಿಯ ಹಾಗಿತ್ತು. ಆ ಕಡೆ ಕತ್ತರಿಗಳ ಸದ್ದು ಶುರುವಾದದ್ದು ಅಲಿಯವರಿಗೆ ಕೇಳಿಸಿತು. ಕಣ್ಣು ಒದ್ದೆಯಾಯಿತು. ಇವತ್ತಾದರೂ ನಿದ್ದೆ ಬಂದೀತು ಎಂದುಕೊಂಡರು.

ಓಬವ್ವ ಎದ್ದು ಬಾಗಿಲು ತಟ್ಟಿದಳು, ಒಂದು ಗಳಿಗೆ ತಡೆದು ತೆರೆದಳು. ಅಲಿ ತಮ್ಮ ಸಿಗಾರಿನ ಮೋಟು ನೋಡುವ ಆಸೆಗೆ ಕತ್ತು ಚಾಚಿದರು. ಒಳಗೆ ಯಾರೂ ಇರಲಿಲ್ಲ. ಬಾಳೆಲೆಯ ತುಂಬ ಬಡಿಸಿದ ಹೋಳಿಗೆ, ವಡೆ ಬಡಿಸಿದ ಹಾಗೇ ಇದ್ದವು. ಪಕ್ಕದಲ್ಲಿ ಇಟ್ಟ ಸಿಗಾರಿಗೆ ಬೆಂಕಿಯೇ ಸೋಕಿರಲಿಲ್ಲ.

"ಬರೋ ವರ್ಷದ ಎಡೆಗೂ ಇಂಥದೇ ಒಂದು ಎತ್ತಿಡ್ರಿ ಸಾಬ್ರೇ," ಎಂದಳು ಓಬವ್ವ, "ಬದುಕಿದ್ದಾಗ ಪಾಪ, ಬರೀ ಬೀಡಿ ಸೇದ್ಕಂಡೇ ಹೋದ್ರು."