ಒದ್ದೆ ಹಾಸಿಗೆಯ ಪ್ರಶ್ನೆ

"ಅದನ್ನ ನಾನು ಹೇಳಲ್ಲ, ಸಾರ್," ಎಂದಳು ಲಾಂಡ್ರಿ ಅಂಗಡಿಯ ಅಕ್ಕ. ಪರೀಕ್ಷಕರ ಪೆನ್ನು ಅಂಕದ ಚೌಕದ ಮೇಲೆಯೇ ನಿಂತುಬಿಟ್ಟಿತು. ಮಕ್ಕಳನ್ನು ರಾತ್ರಿ ಶಿಬಿರಕ್ಕೆ ಕರೆದೊಯ್ಯುವ ಸ್ವಯಂಸೇವಕರ ಪರೀಕ್ಷೆಯಲ್ಲಿ ಇದು ಕೊನೆಯ ಪ್ರಶ್ನೆ: ಮಗು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡರೆ ಏನು ಮಾಡುತ್ತೀರಿ? ಆ ಮಗುವಿನ ಹೆಸರು ಬರೆದಿಟ್ಟು, ಬೆಳಗಿನ ಹಾಜರಿಯಲ್ಲಿ ಎಲ್ಲರೆದುರು ಓದಬೇಕೆಂಬುದು ನಿಯಮ. ಅವಳಿಗೆ ಅದು ಬಾಯಿಪಾಠವಾಗಿತ್ತು.

"ಗೊತ್ತಿದ್ದೂ ಹೇಳಲ್ಲ ಅಂದ್ರೆ ಹೇಗಮ್ಮ?"

"ಹತ್ತೊಂಬತ್ತು ವರ್ಷದಿಂದ ಊರವರ ಬಟ್ಟೆ ಒಗೀತಿದೀನಿ. ಯಾರ ಮನೆ ಹಾಸಿಗೆ ಒದ್ದೆ ಅಂತ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಉಳಿದ ಮಕ್ಕಳು ಏಳೋದ್ರೊಳಗೆ ಒಗೆದು ಒಣಹಾಕ್ತೀನಿ. ಪಕ್ಕದಲ್ಲೇ ನನ್ನ ಹಾಸಿಗೇನೂ ನೆನೆಸಿ ಹಾಕ್ತೀನಿ. ನಗೋರು ನನ್ನ ನೋಡಿ ನಗಲಿ. ಅವರಮ್ಮನ ಕಿವಿಗೆ ಮಾತ್ರ ವಿಷಯ ಹಾಕ್ತೀನಿ."

"ಈ ಪ್ರಶ್ನೆ ತಪ್ಪಿದ್ರೆ ಪೂರ್ತಿ ಫೇಲು."

"ಹಾಕಿ ಸಾರ್, ಸೊನ್ನೆ. ಮುಂದಿನ ತಿಂಗಳು ಮತ್ತೆ ಬರ್ತೀನಿ. ಆಗಲೂ ಇದನ್ನೇ ಹೇಳ್ತೀನಿ."

ಸೊನ್ನೆ ಬಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅದರ ಕೆಳಗೆ, ಒಂದೊಂದೇ ಅಕ್ಷರ ದುಂಡಗೆ ಬರೆದು ಸಹಿ ಹಾಕಿದಳು.

ಮುಂದಿನ ಸರದಿ ಶಾಲಾ ಬಸ್ಸಿನ ಡ್ರೈವರನದು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆ ಮೀಸೆಯ ಆಸಾಮಿ ಬೆಳಗಿನಿಂದ ಬೆಂಚಿನ ಮೇಲೆ ಕೂತು ನಿಯಮದ ಪುಸ್ತಕ ಉರು ಹೊಡೆಯುತ್ತಿದ್ದ. ಈಗ ಅದನ್ನು ಮುಚ್ಚಿ ಪರೀಕ್ಷಕರ ಮೇಜಿನ ಮೇಲಿಟ್ಟ. ಹಿಂದೆ ಕಾಯುತ್ತಿದ್ದ ಹನ್ನೆರಡು ಮಂದಿಗೂ ಕೇಳುವಷ್ಟು ದನಿ ಎತ್ತರಿಸಿದ.

"ಅಕ್ಕ ಹೇಳಿದ್ದೇ ನನ್ನ ಉತ್ತರ, ಸಾರ್. ಹನ್ನೊಂದು ವರ್ಷದವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದೋನು ನಾನು. ನನಗೂ ಒಂದು ಸೊನ್ನೆ ಹಾಕಿ."